ಬತ್ತ-ಗೋಧಿಯ ಬೇಸಾಯದಲ್ಲಿ ಮಿತವಾದ ಉಳುಮೆ

ಹೆಚ್ಚು ಉತ್ತಷ್ಟೂ ಹೆಚ್ಚು ಬೆಳೆಯುವುದೆಂಬ ನಂಬಿಕೆಯು ರೈತರಲ್ಲಿ ಬಹುಕಾಲದಿಂದ ನೆಲೆಸಿದೆ. ಈ ನಂಬಿಕೆಯು ಆಧಾರವಿಲ್ಲದ್ದಲ್ಲ. ಉಳುಮೆಯಿಂದ ಕಳೆಗಳು ಸಾಯುತ್ತವೆ. ಗಟ್ಟಿಯಾದ ನೆಲವು ಸಡಿಲವಾಗುತ್ತದೆ. ಗೊಬ್ಬರವು ಮಣ್ಣಿನೊಡನೆ ಬೆರೆಯುತ್ತದೆ. ಬೀಜಕ್ಕೆ ಮೃದುವಾದ ಹಾಸು ದೊರೆಯುತ್ತದೆ. ಆದರೆ ಉಳುಮೆಯು ಒಂದು ಸಾಧನವೇ ಹೊರತು ತಾನೇ ಗುರಿಯಲ್ಲ. ಈ ಪ್ರಯೋಜನಗಳನ್ನು ಕಡಮೆ ಖರ್ಚಿನಲ್ಲಿ ಬೇರೆ ಬಗೆಯಿಂದ ಪಡೆಯಬಹುದಾದಲ್ಲಿ, ಅಥವಾ ಒಂದು ಬೆಳೆಗಾಗಿ ಮಾಡಿದ ಉಳುಮೆಯು ಅದರ ಮುಂದಿನ ಬೆಳೆಗೆ ಕೆಡಕನ್ನುಂಟುಮಾಡುವಲ್ಲಿ, ನೇಗಿಲನ್ನು ತಡೆದು ನಿಲ್ಲಿಸುವುದೇ ಜಾಣತನವೆನಿಸುತ್ತದೆ. ಉತ್ತರ ಭಾರತದ ಬತ್ತ-ಗೋಧಿಯ ಪ್ರದೇಶದಲ್ಲಿ 1980ರ ದಶಕದಿಂದ ಈಚೆಗೆ ದೊರೆತಿರುವ ಅನುಭವವು ಈ ಮಾತನ್ನು ಚೆನ್ನಾಗಿ ಸ್ಥಿರಪಡಿಸುತ್ತದೆ. ನೀರಾವರಿ ಜಮೀನುಳ್ಳ ಪ್ರತಿಯೊಂದು ಗ್ರಾಮದ ಮುಖಂಡರೂ ಭೂಮಾಲೀಕರೂ ಇದನ್ನು ತಿಳಿದಿರುವುದು ಯುಕ್ತವಾದುದು.

ಎರಡು ಬೆಳೆ, ಒಂದೇ ಗದ್ದೆ

ಸಿಂಧೂ ಮತ್ತು ಗಂಗಾ ನದಿಗಳ ಬಯಲಿನಲ್ಲಿ, ಎಂದರೆ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶಗಳಲ್ಲಿ, ಸುಮಾರು 1 ಕೋಟಿ 35 ಲಕ್ಷ ಹೆಕ್ಟೇರ್ ಭೂಮಿಯಲ್ಲಿ ಮಳೆಗಾಲದಲ್ಲಿ ಬತ್ತವನ್ನೂ ಚಳಿಗಾಲದಲ್ಲಿ ಗೋಧಿಯನ್ನೂ ಒಂದೇ ಗದ್ದೆಯಲ್ಲಿ ಬೆಳೆಯುತ್ತಾರೆ. 1960ರ ದಶಕದಲ್ಲಿ ಗಿಡ್ಡ ಜಾತಿಯ ಗೋಧಿ ಮತ್ತು ಬತ್ತದ ತಳಿಗಳು ಬಂದುವು. ಕೊಳವೆ ಬಾವಿಗಳು ಹೆಚ್ಚಿದುವು. ಆಗಿನಿಂದ ಈ ಪದ್ಧತಿಯು ಪಂಜಾಬು, ಹರಿಯಾಣ, ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ಬಲವಾಗಿ ಬೇರೂರಿತು. ದೇಶದ ಆಹಾರ ಸಂಗ್ರಹದ ಬಹುಭಾಗವು ಈ ಭೂಮಿಯಿಂದಲೇ ಬರುತ್ತಿದೆ.

ಆದರೆ ಈ ಎರಡು ಪೈರುಗಳು ಮಣ್ಣಿನಿಂದ ಬಯಸುವುದು ಒಂದಕ್ಕೊಂದು ವಿರುದ್ಧವಾದುದು. ಬತ್ತವು ನಿಂತ ನೀರಿನಲ್ಲಿ ಬೆಳೆಯಬಲ್ಲುದು. ಆ ನೀರು ಇಂಗಿಹೋಗದಿರಲೆಂದು ರೈತನು ಗದ್ದೆಗೆ ನೀರು ಕಟ್ಟಿ, ಮತ್ತೆ ಮತ್ತೆ ಉತ್ತು, ತುಳಿಸಿ, ಮಣ್ಣನ್ನು ಕೆಸರು ಮಾಡುತ್ತಾನೆ. ಇದರಿಂದ ಮಣ್ಣಿನ ಹರಳುಗಳು ಒಡೆದು ಹೋಗುತ್ತವೆ. ಉತ್ತ ಮಣ್ಣಿನ ಕೆಳಗೆ, ಸುಮಾರು ಆರರಿಂದ ಹತ್ತು ಅಂಗುಲದ ಆಳದಲ್ಲಿ, ಒಂದು ಗಟ್ಟಿಯಾದ ಪದರವು ಕಟ್ಟಿಕೊಳ್ಳುತ್ತದೆ. ಬತ್ತಕ್ಕೆ ಇದು ಅನುಕೂಲವೇ. ಗೋಧಿಯಾದರೋ ಗಾಳಿಯಾಡುವ ಸಡಿಲ ನೆಲವನ್ನು ಬಯಸುವ ಪೈರು. ಅದರ ಬೇರು ಆ ಪದರವನ್ನು ಭೇದಿಸಲಾರದು. ನೀರು ಹೆಚ್ಚಾದರೆ ಬಸಿದುಹೋಗದು. ಪೈರು ಹಳದಿಗೆ ತಿರುಗುತ್ತದೆ. ಕೆಸರು ಒಣಗಿದ ಮೇಲೆ ಹೆಂಟೆಗಳು ಕಲ್ಲಿನಂತಾಗುವುದರಿಂದ, ಅವುಗಳನ್ನು ಪುಡಿಮಾಡಲು ಆರೆಂಟು ಸಾರಿ ಉಳುವುದೂ ಹಲುಬೆ ಹೊಡೆಯುವುದೂ ಅಲ್ಲಿ ರೂಢಿಯಾಯಿತು. ಬತ್ತಕ್ಕಾಗಿ ಕೆಡಿಸಿದ ಮಣ್ಣನ್ನು ಗೋಧಿಗಾಗಿ ಸರಿಪಡಿಸುವುದರಲ್ಲಿಯೇ ಹಣವೂ ಕಾಲವೂ ಕಳೆಯುತ್ತಿದ್ದುವು.

ಕಾಲಹರಣದ ನಷ್ಟ

ಇವೆರಡರಲ್ಲಿ ಕಾಲದ ನಷ್ಟವೇ ದೊಡ್ಡದು. ಪಂಜಾಬು ಮತ್ತು ಹರಿಯಾಣಗಳಲ್ಲಿ ಗೋಧಿಯನ್ನು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬಿತ್ತುವುದು ಉತ್ತಮ. ನವೆಂಬರ್ ಕಳೆಯುತ್ತ ಬಂದಂತೆ, ತಡವಾದ ಪ್ರತಿಯೊಂದು ದಿನಕ್ಕೂ ಇಳುವರಿಯು ಸುಮಾರು ನೂರಕ್ಕೆ ಒಂದರಂತೆ ಇಳಿಯುತ್ತದೆ. ಕಾರಣವು ಸ್ಪಷ್ಟವಾಗಿದೆ: ತಡವಾಗಿ ಬಿತ್ತಿದ ಪೈರಿನಲ್ಲಿ ಕಾಳು ತುಂಬುವ ಹೊತ್ತಿಗೆ ಮಾರ್ಚಿ ತಿಂಗಳ ಬಿಸಿಗಾಳಿ ಬೀಸತೊಡಗಿ, ಕಾಳು ಜಳ್ಳಾಗುತ್ತದೆ. ಎಕರೆಗೆ 20 ಕ್ವಿಂಟಾಲ್ ಬೆಳೆಯುವ ಭೂಮಿಯಲ್ಲಿ ದಿನವೊಂದಕ್ಕೆ 20 ಕಿಲೋಗ್ರಾಂ ನಷ್ಟವೆಂದು ಲೆಕ್ಕ ಹಿಡಿದರೆ, ಹತ್ತು ದಿನ ತಡಮಾಡಿದ ರೈತನು ಎರಡು ಕ್ವಿಂಟಾಲನ್ನು ಕಳೆದುಕೊಂಡಂತಾಯಿತು. ಗೊಬ್ಬರ, ನೀರು, ಬೀಜ ಇವುಗಳಾವುವೂ ಈ ನಷ್ಟವನ್ನು ತುಂಬಿಕೊಡಲಾರವು. ಬತ್ತದ ಕೊಯ್ಲು ತಡವಾಗಿ ಆಗುವ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶಗಳಲ್ಲಿ ಗೋಧಿಯ ಬಿತ್ತನೆಯು ಡಿಸೆಂಬರಿಗೂ ಎಳೆಯುವುದುಂಟು. ಅಲ್ಲಿ ಈ ಹಾನಿಯು ಇನ್ನೂ ಹೆಚ್ಚು.

ಉಳದೆ ಗೋಧಿ ಬಿತ್ತುವ ಕ್ರಮ

ಈ ತೊಡಕಿಗೆ ಕಂಡುಕೊಂಡ ಪರಿಹಾರವು ಬಹು ಸರಳವಾದುದು. ಬತ್ತವನ್ನು ಕೊಯ್ದ ಗದ್ದೆಯನ್ನು ಉಳದೆ, ಮಣ್ಣಿನಲ್ಲಿ ಉಳಿದಿರುವ ತೇವವನ್ನೇ ಉಪಯೋಗಿಸಿಕೊಂಡು, ಕೂಳೆಗಳ ನಡುವೆಯೇ ಗೋಧಿಯನ್ನು ಸಾಲಾಗಿ ಬಿತ್ತುವುದೇ ಆ ಕ್ರಮ. ಇದಕ್ಕೆ ಬಳಸುವ ಯಂತ್ರವು ತತ್ತ್ವದಲ್ಲಿ ಈ ನಾಡಿನ ಕೂರಿಗೆಯಂತೆಯೇ ಇದೆ. ಟ್ರಾಕ್ಟರ್ ಎಳೆಯುವ ಈ ಕೂರಿಗೆಯ ತಾಳುಗಳ ತುದಿಯು ಇಂಗ್ಲಿಷಿನ ಟಿ ಅಕ್ಷರವನ್ನು ತಲೆಕೆಳಗು ಮಾಡಿದಂತಿರುತ್ತದೆ. ಅದು ನೆಲವನ್ನು ಮಗುಚದೆ ಸಣ್ಣದೊಂದು ಸೀಳನ್ನು ಮಾತ್ರ ತೆರೆದು, ಎರಡು ಅಂಗುಲದ ಆಳದಲ್ಲಿ ಬೀಜವನ್ನೂ ಗೊಬ್ಬರವನ್ನೂ ಬೀಳಿಸುತ್ತದೆ. ನ್ಯೂಜಿಲೆಂಡಿನಲ್ಲಿ ರೂಪಿತವಾದ ಈ ತುದಿಯು 1980ರ ದಶಕದಲ್ಲಿ ಪಾಕಿಸ್ತಾನಕ್ಕೂ ಭಾರತಕ್ಕೂ ಬಂದಿತು. ಅದನ್ನು ಅಳವಡಿಸಿದ ಅಗ್ಗವಾದ ಯಂತ್ರವನ್ನು 1990ರ ದಶಕದ ಆದಿಯಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸಿದ್ಧಪಡಿಸಿದರು. 1994ರಲ್ಲಿ ನಾಲ್ಕು ದೇಶಗಳ ಸಂಶೋಧನಾ ಸಂಸ್ಥೆಗಳು ಬತ್ತ-ಗೋಧಿಗಾಗಿ ಒಂದು ಒಕ್ಕೂಟವನ್ನು ಕಟ್ಟಿಕೊಂಡ ಮೇಲೆ ಈ ಕ್ರಮದ ಪ್ರಚಾರವು ವೇಗವಾಯಿತು.

ರೈತರು ಇದನ್ನು ಒಪ್ಪಿಕೊಳ್ಳಲು ಮುಖ್ಯ ಕಾರಣವಾದುದು ಒಂದು ಕಳೆ. ಗುಲ್ಲಿ-ದಂಡಾ ಎಂದು ಅಲ್ಲಿ ಕರೆಯುವ ಈ ಹುಲ್ಲು, ಎಳೆಯದಾಗಿರುವಾಗ ಗೋಧಿಯಂತೆಯೇ ಕಾಣುವುದರಿಂದ ಕೈಯಿಂದ ಕೀಳುವುದು ಕಷ್ಟ. ಇದನ್ನು ಕೊಲ್ಲಲು ವರ್ಷವರ್ಷವೂ ಐಸೊಪ್ರೊಟ್ಯುರಾನ್ ಎಂಬ ಒಂದೇ ಔಷಧವನ್ನು ಸಿಂಪಡಿಸುತ್ತಿದ್ದರು. 1990ರ ದಶಕದ ಆದಿಯಲ್ಲಿ ಹರಿಯಾಣದ ಹೊಲಗಳಲ್ಲಿ ಈ ಕಳೆಯು ಆ ಔಷಧಕ್ಕೆ ಬಗ್ಗದಂತಾಯಿತು. ಕೆಲವರು ಬೆಳೆದುನಿಂತ ಗೋಧಿಯನ್ನು ಹಸಿಯಾಗಿಯೇ ಕೊಯ್ದು ದನಗಳಿಗೆ ಹಾಕಬೇಕಾಯಿತು. ಉಳದೆ ಬಿತ್ತಿದ ಹೊಲಗಳಲ್ಲಾದರೋ ಈ ಕಳೆಯು ಕಡಮೆಯಾಗಿ ಕಂಡಿತು. ಮಣ್ಣನ್ನು ಕಲಕದಿದ್ದುದರಿಂದ ಆಳದಲ್ಲಿದ್ದ ಕಳೆಬೀಜವು ಮೇಲಕ್ಕೆ ಬಂದು ಮೊಳೆಯಲಿಲ್ಲ. ಮುಂಚಿತವಾಗಿ ಬಿತ್ತಿದ ಗೋಧಿಯು ಬೇಗ ಬೆಳೆದು ಕಳೆಗೆ ನೆರಳುಮಾಡಿತು. ಹೊಸ ಔಷಧಗಳ ಜೊತೆಗೆ ಈ ಕ್ರಮವೂ ಸೇರಿ ಆ ಪ್ರದೇಶದ ಗೋಧಿಯನ್ನು ಉಳಿಸಿತು.

ಖರ್ಚಿನ ಲೆಕ್ಕವೂ ಇದಕ್ಕೆ ಅನುಕೂಲವಾಗಿದೆ. ಹಲವು ಸಾರಿ ಟ್ರಾಕ್ಟರ್ ಓಡಿಸುವ ಕಡೆ ಒಂದೇ ಸಾರಿ ಓಡಿಸಿದರೆ ಸಾಕಾಗುವುದರಿಂದ, ಹೆಕ್ಟೇರಿಗೆ 30ರಿಂದ 40 ಲೀಟರ್ ಡೀಸೆಲ್ ಎಣ್ಣೆ ಉಳಿಯುತ್ತದೆ. ಬತ್ತದ ಕೊಯ್ಲಾದ ಮಾರನೆಯ ದಿನವೇ ಬಿತ್ತಲು ಸಾಧ್ಯವಾಗುವುದರಿಂದ ಒಂದೆರಡು ವಾರ ಉಳಿಯುತ್ತದೆ. ಉಳದ ನೆಲದಲ್ಲಿ ಮೊದಲನೆಯ ನೀರು ಬೇಗ ಹರಿದು ಮುಗಿಯುವುದರಿಂದ ಅಲ್ಲಿಯೂ ಉಳಿತಾಯವುಂಟು.

ಹುಲ್ಲನ್ನು ಸುಡುವುದರ ಕೇಡು

ಬತ್ತವನ್ನು ಯಂತ್ರದಿಂದ ಕೊಯ್ಯುವ ಪದ್ಧತಿ ಬಂದ ಮೇಲೆ, ಮೊಣಕಾಲೆತ್ತರದ ಕೂಳೆಯೂ ಚೆಲ್ಲಿದ ಹುಲ್ಲೂ ಗದ್ದೆಯಲ್ಲಿ ಉಳಿದು ಬಿತ್ತನೆಗೆ ಅಡ್ಡಿಯಾಗುತ್ತವೆ. ಬಿತ್ತನೆಯ ಅವಸರದಲ್ಲಿರುವ ರೈತನು ಅದಕ್ಕೆ ಬೆಂಕಿಯಿಡುತ್ತಾನೆ. ವಾಯವ್ಯ ಭಾರತದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಟನ್ ಬತ್ತದ ಹುಲ್ಲು ಹೀಗೆ ಸುಟ್ಟುಹೋಗುತ್ತಿತ್ತೆಂದು 2018ರ ಸುಮಾರಿನಲ್ಲಿ ಅಂದಾಜು ಮಾಡಲಾಗಿತ್ತು. ಒಂದು ಟನ್ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋಗ್ರಾಂ ಸಾರಜನಕವೂ 25 ಕಿಲೋಗ್ರಾಂ ಪೊಟ್ಯಾಷೂ ಇರುತ್ತವೆ. ಸುಟ್ಟಾಗ ಸಾರಜನಕವು ಹೊಗೆಯಲ್ಲಿ ಹಾರಿಹೋಗುತ್ತದೆ. ಹೊಗೆಯು ಊರನ್ನೂ ನಗರವನ್ನೂ ಕವಿದು ಜನರ ಉಸಿರಿಗೆ ಕಂಟಕವಾಗುತ್ತದೆ.

ಉಳದೆ ಬಿತ್ತುವ ಮೊದಲಿನ ಯಂತ್ರಗಳಿಗೆ ಈ ಹುಲ್ಲು ಸಿಕ್ಕಿಕೊಳ್ಳುತ್ತಿತ್ತು. ಇದನ್ನು ನಿವಾರಿಸಲು ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯದವರು ಆಸ್ಟ್ರೇಲಿಯದ ತಜ್ಞರ ಸಹಾಯದಿಂದ 2000ದ ಬಳಿಕ ಹ್ಯಾಪಿ ಸೀಡರ್ ಎಂಬ ಯಂತ್ರವನ್ನು ನಿರ್ಮಿಸಿದರು. ಇದು ತಾಳಿನ ಮುಂದಿರುವ ಹುಲ್ಲನ್ನು ಕತ್ತರಿಸಿ ಸರಿಸಿ, ಬೀಜ ಬಿತ್ತಿ, ಅದೇ ಹುಲ್ಲನ್ನು ನೆಲದ ಮೇಲೆ ಹೊದಿಕೆಯಾಗಿ ಉಳಿಸುತ್ತದೆ. ಹೊದಿಕೆಯಿಂದ ತೇವವು ಆರುವುದಿಲ್ಲ, ಕಳೆಗಳು ಮೇಲೇಳುವುದಿಲ್ಲ, ಹುಲ್ಲು ಕ್ರಮವಾಗಿ ಕೊಳೆತು ಗೊಬ್ಬರವಾಗುತ್ತದೆ. ಆದರೆ ಕೊಯ್ಲಿನ ಯಂತ್ರವು ಹುಲ್ಲನ್ನು ಗದ್ದೆಯ ಮೇಲೆಲ್ಲ ಸಮನಾಗಿ ಹರಡಿದ್ದರೆ ಮಾತ್ರ ಈ ಕೆಲಸವು ಚೆನ್ನಾಗಿ ನಡೆಯುವುದು.

ಬತ್ತವನ್ನು ನೇರವಾಗಿ ಬಿತ್ತುವುದು

ಗೋಧಿಗೆ ಉಳುಮೆಯನ್ನು ಬಿಟ್ಟರೂ ಬತ್ತಕ್ಕೆ ಕೆಸರು ಮಾಡುವುದನ್ನು ಬಿಡದಿದ್ದರೆ, ಮಣ್ಣು ಪ್ರತಿವರ್ಷವೂ ಕೆಡುತ್ತಲೇ ಇರುತ್ತದೆ. ಆದಕಾರಣ ಬತ್ತವನ್ನೂ ನಾಟಿಮಾಡದೆ ನೇರವಾಗಿ ಬಿತ್ತುವ ಕ್ರಮವು ಪ್ರಚಾರಕ್ಕೆ ಬಂದಿದೆ. ಕನ್ನಡ ನಾಡಿನವರಿಗೆ ಇದು ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿನ ಮೂರು ಬಗೆಯ ಬತ್ತದ ಬೇಸಾಯವನ್ನು ವರ್ಣಿಸಿದ್ದಾನೆ: ಒಣಬೀಜವನ್ನು ಬಿತ್ತುವ ಬರಬತ್ತ ಅಥವಾ ಪುನಜಿ, ಮೊಳೆತ ಬೀಜವನ್ನು ಚೆಲ್ಲುವ ಮೊಳೆಬತ್ತ, ಮತ್ತು ಸಸಿಯನ್ನು ಕಿತ್ತು ನಡುವ ನಾಟಿ. ನೀರೂ ಆಳೂ ಸಮೃದ್ಧಿಯಾಗಿದ್ದೆಡೆಯಲ್ಲಿ ನಾಟಿಯು ಗೆದ್ದಿತು. ಅವೆರಡೂ ದುರ್ಲಭವಾದಾಗ ಬರಬತ್ತದ ತತ್ತ್ವವು ಮತ್ತೆ ಬೆಲೆಯುಳ್ಳದ್ದಾಗಿದೆ.

ಇಂದಿನ ಕ್ರಮವು ಎರಡು ವಿಧವಾಗಿದೆ. ಒಣ ನೆಲದಲ್ಲಿ ಬಿತ್ತಿ ಆಮೇಲೆ ಮಳೆಯನ್ನು ಕಾಯುವುದು ಅಥವಾ ನೀರು ಹಾಯಿಸುವುದು ಒಂದು. ಮೊದಲು ನೀರು ಹಾಯಿಸಿ, ಬೆದೆ ಬಂದ ಮೇಲೆ ಬಿತ್ತಿ, ಸುಮಾರು 21 ದಿವಸಗಳ ವರೆಗೆ ನೀರನ್ನು ತಡೆದಿಡುವುದು ಇನ್ನೊಂದು. ಎರಡನೆಯದರಲ್ಲಿ ಬೇರು ಆಳಕ್ಕೆ ಇಳಿಯುತ್ತದೆ, ಕಳೆಯೂ ಕಡಮೆ. ಪಂಜಾಬಿನಲ್ಲಿ ಎಕರೆಗೆ 8ರಿಂದ 10 ಕಿಲೋಗ್ರಾಂ ಬೀಜವನ್ನು ಒಂದು ಅಂಗುಲಕ್ಕೆ ಮೀರದ ಆಳದಲ್ಲಿ ಬಿತ್ತಲು ಹೇಳುತ್ತಾರೆ. ಸಸಿಮಡಿಯ ಖರ್ಚೂ, ಕೆಸರು ಮಾಡುವ ನೀರೂ, ನಾಟಿಯ ಕೂಲಿಯೂ ಇದರಲ್ಲಿ ಇಲ್ಲ. ಸಸಿಯನ್ನು ಕಿತ್ತು ನಡುವ ಪೆಟ್ಟು ಪೈರಿಗೆ ತಗಲದಿರುವುದರಿಂದ ಬೆಳೆಯು ಏಳರಿಂದ ಹತ್ತು ದಿವಸ ಮುಂಚಿತವಾಗಿ ಕೊಯ್ಲಿಗೆ ಬರುತ್ತದೆ.

ಈ ಕ್ರಮದ ದೊಡ್ಡ ಶತ್ರು ಕಳೆ. ನಾಟಿ ಗದ್ದೆಯಲ್ಲಿ ನಿಂತ ನೀರೇ ಕಳೆಯನ್ನು ಅಡಗಿಸುತ್ತದೆ; ಬಿತ್ತಿದ ಗದ್ದೆಯಲ್ಲಿ ಬತ್ತವೂ ಕಳೆಯೂ ಒಟ್ಟಿಗೆ ಮೊಳೆಯುತ್ತವೆ. ಆದುದರಿಂದ ಬಿತ್ತನೆಗೆ ಮೊದಲೇ ಒಮ್ಮೆ ನೀರು ಹಾಯಿಸಿ, ಮೊಳೆತ ಕಳೆಯನ್ನು ಮೇಲುಮೇಲೆ ಕುಂಟೆ ಹೊಡೆದು ನಾಶಮಾಡತಕ್ಕದ್ದು. ಬಿತ್ತಿದ ಕೂಡಲೇ, ನೆಲವು ತೇವವಾಗಿರುವಾಗ, ಶೇಕಡಾ 30ರ ಪೆಂಡಿಮೆಥಲಿನ್ ದ್ರಾವಣವನ್ನು ಎಕರೆಗೆ ಒಂದು ಲೀಟರಿನಂತೆ 200 ಲೀಟರ್ ನೀರಿನಲ್ಲಿ ಕಲಸಿ ಸಿಂಪಡಿಸಲು ಪಂಜಾಬಿನಲ್ಲಿ ಶಿಫಾರಸು ಮಾಡಿದ್ದಾರೆ. ಮರಳು ಮಣ್ಣಿನಲ್ಲಿ ಕಬ್ಬಿಣದ ಅಂಶವು ಪೈರಿಗೆ ದೊರೆಯದೆ ಎಲೆ ಬಿಳುಪೇರುವುದುಂಟು. ಅಂಥ ನೆಲದಲ್ಲಿ ಈ ಕ್ರಮವನ್ನು ಕೈಗೊಳ್ಳದಿರುವುದೇ ಮೇಲು. ಕಳೆಯನ್ನು ನಿರ್ಲಕ್ಷಿಸಿದವನಿಗೆ ಇಳುವರಿಯು ನಾಟಿಗಿಂತ ಬಹಳ ಕಡಮೆಯಾಗುವುದು ಖಂಡಿತ. ಮಿತವಾದ ಉಳುಮೆಯೆಂದರೆ ಮಿತವಾದ ಎಚ್ಚರಿಕೆಯೆಂದು ಯಾರೂ ಭಾವಿಸಬಾರದು.

ನೆಲದ ಮಟ್ಟ ಮತ್ತು ಏರುಮಡಿ

ಗದ್ದೆಯು ಸಮತಟ್ಟಾಗಿಲ್ಲದಿದ್ದರೆ ತಗ್ಗಿನಲ್ಲಿ ಬೀಜವು ಕೊಳೆತು, ದಿಬ್ಬದಲ್ಲಿ ಒಣಗಿ, ಮೇಲೆ ಹೇಳಿದ ಕ್ರಮಗಳಾವುವೂ ಫಲಿಸವು. ಲೇಸರ್ ಕಿರಣದ ಸಹಾಯದಿಂದ ನೆಲವನ್ನು ಮಟ್ಟಮಾಡುವ ಯಂತ್ರವು 2001ರ ಸುಮಾರಿನಲ್ಲಿ ಪಶ್ಚಿಮ ಉತ್ತರ ಪ್ರದೇಶಕ್ಕೆ ಬಂದಿತು. ಹೀಗೆ ಮಟ್ಟಮಾಡಿದ ಗದ್ದೆಗಳಲ್ಲಿ ನೀರು ನೂರಕ್ಕೆ 20ರಿಂದ 25ರಷ್ಟು ಉಳಿಯುವುದೆಂದು ಕಂಡುಬಂದಿದೆ. ಬಾಡಿಗೆಗೆ ದೊರೆಯುವ ಯಂತ್ರದಿಂದ ಒಮ್ಮೆ ಮಟ್ಟಮಾಡಿಸಿದರೆ ಕೆಲವು ವರ್ಷಗಳ ಕಾಲ ಅದರ ಫಲವು ನಿಲ್ಲುತ್ತದೆ.

ಗೋಧಿಯನ್ನು ಏರುಮಡಿಯ ಮೇಲೆ ಬಿತ್ತುವುದು ಇನ್ನೊಂದು ಉಪಾಯ. ಮೆಕ್ಸಿಕೋ ದೇಶದ ಯಾಕಿ ಕಣಿವೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೈತರು ಇದನ್ನು ಅನುಸರಿಸುವರು. ಸುಮಾರು ಹದಿನೈದು ಅಂಗುಲ ಅಗಲದ ಮಡಿಯ ಮೇಲೆ ಎರಡು ಸಾಲು ಗೋಧಿಯನ್ನು ಬಿತ್ತಿ, ಒಂದಡಿ ಅಗಲದ ಕಾಲುವೆಯಲ್ಲಿ ಮಾತ್ರ ನೀರು ಹರಿಸುತ್ತಾರೆ. ನೀರೂ ಬೀಜವೂ ನೂರಕ್ಕೆ 25ರಷ್ಟು ಉಳಿಯುತ್ತವೆ. ಹೆಚ್ಚಿದ ನೀರು ಬಸಿದು ಹೋಗುವುದರಿಂದ ಪೈರಿನ ಬೇರು ಕೊಳೆಯುವುದಿಲ್ಲ.

ನೀರಿನ ನಿಜವಾದ ಉಳಿತಾಯ

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗದ್ದೆಯಿಂದ ಇಂಗಿದ ನೀರು ಸಿಹಿನೀರಿನ ಅಂತರ್ಜಲವನ್ನು ಮತ್ತೆ ಸೇರುವ ಕಡೆ, ಆ ಇಂಗುವಿಕೆಯನ್ನು ತಡೆದರೆ ಪಂಪಿನ ಖರ್ಚು ಉಳಿಯುವುದೇ ಹೊರತು ನಾಡಿನ ನೀರು ಹೆಚ್ಚುವುದಿಲ್ಲ. ಆವಿಯಾಗಿ ಹೋಗುವ ನೀರನ್ನು ಕಡಮೆ ಮಾಡಿದರೆ ಮಾತ್ರ ನಿಜವಾದ ಉಳಿತಾಯವಾಗುತ್ತದೆ. ಈ ಕಾರಣದಿಂದಲೇ, ಬೇಸಗೆಯ ಬಿಸಿಲಿನಲ್ಲಿ ಗದ್ದೆಗೆ ನೀರು ಕಟ್ಟುವುದನ್ನು ತಪ್ಪಿಸಲು, ಪಂಜಾಬು ಸರ್ಕಾರವು 2009ರಲ್ಲಿ ಶಾಸನವನ್ನು ಮಾಡಿ ಜೂನ್ 10ಕ್ಕೆ ಮೊದಲು ನಾಟಿ ಕೂಡದೆಂದು ವಿಧಿಸಿತು. ಹರಿಯಾಣವು ಅದೇ ವರ್ಷ ಜೂನ್ 15ನ್ನು ಗೊತ್ತುಮಾಡಿತು. ಅಂತರ್ಜಲದ ಮಟ್ಟಿಗೆ ಇದು ಒಳ್ಳೆಯ ಕ್ರಮವಾದರೂ, ಬತ್ತದ ಕೊಯ್ಲು ಮುಂದಕ್ಕೆ ಹೋಗಿ ಗೋಧಿಯ ಬಿತ್ತನೆಗೆ ಸಿಕ್ಕುವ ದಿನಗಳು ಕಡಮೆಯಾದುವು. ಹುಲ್ಲು ಸುಡುವ ಅವಸರವು ಹೆಚ್ಚಿತು. ಒಂದು ಕಡೆಯ ಗಂಟನ್ನು ಬಿಚ್ಚಿದಾಗ ಇನ್ನೊಂದು ಕಡೆಯ ಗಂಟು ಬಿಗಿಯಾಗಬಹುದೆಂಬುದಕ್ಕೆ ಇದು ನಿದರ್ಶನ. ಬೇಗ ಮಾಗುವ ಬತ್ತದ ತಳಿ ಮತ್ತು ಉಳದೆ ಬಿತ್ತುವ ಗೋಧಿ ಇವೆರಡೂ ಜೊತೆಗೂಡಿದರೆ ಈ ಗಂಟು ಸಡಿಲವಾಗುತ್ತದೆ.

ತುಂಗಭದ್ರೆಯ ಕಾಲುವೆಗಳ ಕೆಳಗೆ

ಕರ್ನಾಟಕದಲ್ಲಿ ಗೋಧಿಯು ಮುಖ್ಯವಾಗಿ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ನೆಲದ ಬೆಳೆ; ಬತ್ತದ ಹಿಂದೆಯೇ ಗೋಧಿಯನ್ನು ಬೆಳೆಯುವುದು ಇಲ್ಲಿಯ ರೂಢಿಯಲ್ಲ. ಆದರೆ ಬತ್ತದ ನೇರ ಬಿತ್ತನೆಯು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳಿಗೆ ಬಹಳ ಸಂಬಂಧವುಳ್ಳದ್ದು. ತುಂಗಭದ್ರಾ ಜಲಾಶಯವು ಮೊದಲು 133 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯುತ್ತಿತ್ತು. ಹೂಳು ತುಂಬಿದ ಕಾರಣ ಅದರ ಶಕ್ತಿಯು ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿದೆ. ಕಾಲುವೆಯ ಮೇಲ್ಭಾಗದವರು ಬತ್ತಕ್ಕೆ ನೀರನ್ನು ಯಥೇಚ್ಛವಾಗಿ ಕಟ್ಟಿಕೊಂಡರೆ, ಮಾನ್ವಿ, ರಾಯಚೂರು ಮೊದಲಾದ ತಾಲ್ಲೂಕುಗಳ ಕೊನೆಯ ಭಾಗದವರು ಕಾಯುತ್ತ ಕುಳಿತಿರಬೇಕಾಗುತ್ತದೆ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲವು ಜವುಳು ಹಿಡಿಯುವುದೂ ಚೌಳಾಗುವುದೂ ಉಂಟು. ಇಲ್ಲಿ ಇಂಗಿದ ನೀರು ಲಾಭವಾಗದೆ ಕೇಡಾಗಿಯೇ ಪರಿಣಮಿಸುತ್ತದೆ.

ಈ ಕೊನೆಯ ಭಾಗದ ಅನೇಕ ರೈತರು ಮುಂಗಾರಿನ ಮಳೆ ಬಿದ್ದೊಡನೆ ಟ್ರಾಕ್ಟರ್ ಕೂರಿಗೆಯಿಂದ ಬತ್ತವನ್ನು ಒಣ ನೆಲದಲ್ಲಿ ಬಿತ್ತಿ, ಕಾಲುವೆಯಲ್ಲಿ ನೀರು ಬರುವ ಹೊತ್ತಿಗೆ ಪೈರನ್ನು ಎದ್ದುನಿಲ್ಲಿಸಿಕೊಳ್ಳುತ್ತಿದ್ದಾರೆ. ಎರೆಯ ನೆಲವು ಚೆನ್ನಾಗಿ ನೆನೆದ ಮೇಲೆ ಯಂತ್ರವು ಹೂತುಕೊಳ್ಳುವುದರಿಂದ, ದೊಡ್ಡ ಮಳೆಗೆ ಮುಂಚೆಯೇ ಬಿತ್ತಿ ಮುಗಿಸುವುದು ಮುಖ್ಯ. ಬತ್ತವು ಬೇಗ ಕೊಯ್ಲಾದಲ್ಲಿ, ಉಳಿದ ತೇವದಲ್ಲಿ ಕಡಲೆಯಂಥ ದ್ವಿದಳ ಬೆಳೆಯನ್ನು ತೆಗೆಯಲು ಅವಕಾಶವಾಗುತ್ತದೆ. ಉತ್ತರದಲ್ಲಿ ಗೋಧಿಗೆ ಸಲ್ಲುವ ತತ್ತ್ವವು ಇಲ್ಲಿ ಕಡಲೆಗೆ ಸಲ್ಲುವುದು.

ಮುಖಂಡರ ಕರ್ತವ್ಯ

ಇಷ್ಟನ್ನೂ ಒಬ್ಬೊಬ್ಬ ರೈತನು ಬೇರೆಬೇರೆಯಾಗಿ ಮಾಡಲಾರನು. ಬಿತ್ತುವ ಯಂತ್ರವಾಗಲಿ ಮಟ್ಟಮಾಡುವ ಯಂತ್ರವಾಗಲಿ ವರ್ಷದಲ್ಲಿ ಕೆಲವು ದಿನಗಳಿಗೆ ಮಾತ್ರ ಬೇಕಾಗುವಂಥದು. ಸಹಕಾರ ಸಂಘದ ಮೂಲಕ ಕೊಂಡು, ಸಣ್ಣ ಹಿಡುವಳಿದಾರರಿಗೂ ಸರದಿಯ ಮೇಲೆ ಬಾಡಿಗೆಗೆ ದೊರೆಯುವಂತೆ ಮಾಡಬೇಕು. ಒಂದೇ ತೂಬಿನ ಕೆಳಗಿನವರೆಲ್ಲರೂ ಬಿತ್ತನೆಯ ದಿನವನ್ನು ಒಟ್ಟಿಗೆ ಗೊತ್ತುಮಾಡಿಕೊಂಡರೆ ನೀರಿನ ಜಗಳಗಳು ಕಡಮೆಯಾಗುತ್ತವೆ. ಒಬ್ಬನ ನಾಟಿ ಗದ್ದೆಯ ನೀರು ನೆರೆಯವನ ಬಿತ್ತಿದ ಗದ್ದೆಗೆ ನುಗ್ಗಿ ಮೊಳಕೆಯನ್ನು ಕೊಳೆಯಿಸುವುದೂ ತಪ್ಪುತ್ತದೆ.

ಮತ್ತೊಂದು ವಿಷಯವು ಮುಖಂಡರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಒಂದು ಎಕರೆಯ ನಾಟಿಗೆ ಹತ್ತಕ್ಕೆ ಮೇಲ್ಪಟ್ಟು ಆಳುಗಳು ಬೇಕು. ಅವರಲ್ಲಿ ಹೆಂಗಸರೇ ಹೆಚ್ಚು. ಜಮೀನುದಾರನಿಗೆ ಉಳಿತಾಯವೆಂದು ತೋರುವುದು ಆ ಕುಟುಂಬಗಳಿಗೆ ಕೂಲಿಯ ನಷ್ಟವಾಗಿರುತ್ತದೆ. ನಾಟಿಯ ಆಳು ದೊರೆಯದಿರುವ ಊರಿನಲ್ಲಿ ಈ ಪ್ರಶ್ನೆಯು ಏಳುವುದಿಲ್ಲ. ಆಳುಗಳೇ ಕೆಲಸವನ್ನು ಹುಡುಕುತ್ತಿರುವ ಊರಿನಲ್ಲಿ, ಕಳೆ ಕೀಳುವ ಕೆಲಸ, ಎರಡನೆಯ ಬೆಳೆಯ ಕೊಯ್ಲು, ಕಾಲುವೆಗಳ ದುರಸ್ತಿ ಇವುಗಳಲ್ಲಿ ಅವರಿಗೆ ಕೂಲಿ ದೊರೆಯುವಂತೆ ಮೊದಲೇ ಯೋಚಿಸಿ ಏರ್ಪಡಿಸುವುದು ನ್ಯಾಯ. ಊರಿನ ಒಂದು ಭಾಗವನ್ನು ಬಡವಾಗಿಸಿ ಇನ್ನೊಂದು ಭಾಗಕ್ಕೆ ತಂದ ಸುಧಾರಣೆಯು ಬಹುಕಾಲ ನಿಲ್ಲುವಂಥದಲ್ಲ.

ಹೊಸ ಕ್ರಮವನ್ನು ಇಡೀ ಜಮೀನಿನಲ್ಲಿ ಒಮ್ಮೆಗೇ ಕೈಕೊಳ್ಳುವುದು ಸಲ್ಲದು. ಮೊದಲನೆಯ ವರ್ಷ ಅರ್ಧ ಎಕರೆ ಅಥವಾ ಒಂದು ಎಕರೆ ಮಟ್ಟದ ಗದ್ದೆಯನ್ನು ಆರಿಸಿಕೊಂಡು, ಪಕ್ಕದಲ್ಲಿಯೇ ಹಳೆಯ ಕ್ರಮದ ಗದ್ದೆಯನ್ನು ಇಟ್ಟುಕೊಂಡು, ಉಳುಮೆ, ಬೀಜ, ನೀರು, ಕೂಲಿ, ಕಳೆಯೌಷಧ, ಇಳುವರಿ ಇವೆಲ್ಲವನ್ನೂ ಎರಡು ಕಡೆಯೂ ಬರೆದಿಡತಕ್ಕದ್ದು. ಎರಡು ಮೂರು ವರ್ಷಗಳ ಲೆಕ್ಕವು ಕೈಯಲ್ಲಿದ್ದರೆ, ಯಾವ ಗದ್ದೆಗೆ ಎಷ್ಟು ಉಳುಮೆ ಸಾಕೆಂಬುದು ಆ ಲೆಕ್ಕದಿಂದಲೇ ತಿಳಿದುಬರುವುದು.